ಮಣ್ಣಿನ ಹದ ನೋಡಲು ಕಲಿಸುವ ಟ್ರ್ಯಾಕು: ಅಯೋವಾದ ನಾಕ್ಸ್‌ವಿಲ್ ರೇಸ್‌ವೇ

ಅಮೆರಿಕದಲ್ಲಿ ನೆಲೆಸಿರುವವರಾಗಲಿ, ಮಕ್ಕಳ ಮನೆಗೆಂದು ಬೇಸಿಗೆಯಲ್ಲಿ ಹೋಗುವವರಾಗಲಿ, ಡರ್ಟ್ ಟ್ರ್ಯಾಕ್ ರೇಸನ್ನು, ಅಂದರೆ ಮಣ್ಣಿನ ಟ್ರ್ಯಾಕಿನ ಮೇಲೆ ನಡೆಯುವ ಕಾರು ಓಟವನ್ನು, ಒಮ್ಮೆ ಕಣ್ಣಾರೆ ನೋಡಬೇಕು ಅಂದರೆ ಮೊದಲು ಹೋಗಬೇಕಾದ ಜಾಗ ನಾಕ್ಸ್‌ವಿಲ್ ರೇಸ್‌ವೇ. ಟೆನೆಸಿ ರಾಜ್ಯದ ದೊಡ್ಡ ನಾಕ್ಸ್‌ವಿಲ್ ಅಲ್ಲ, ಅಯೋವಾ ರಾಜ್ಯದ ಮರಿಯನ್ ಕೌಂಟಿಯ ಸಣ್ಣ ಊರು. ಮ್ಯಾಪ್‌ನಲ್ಲಿ ರಾಜ್ಯದ ಹೆಸರು ಸೇರಿಸದೆ ಹುಡುಕಿದರೆ ಸಾವಿರ ಕಿಲೋಮೀಟರಿಗೂ ಆಚೆ ಕರೆದುಕೊಂಡು ಹೋಗುತ್ತದೆ, ಎಚ್ಚರ. ಡೆ ಮೋಯ್ನ್ ನಗರದಿಂದ ಆಗ್ನೇಯಕ್ಕೆ 5ನೇ ಹೆದ್ದಾರಿ ಹಿಡಿದರೆ ಸುಮಾರು 65 ಕಿಲೋಮೀಟರು, ಮುಕ್ಕಾಲು ಗಂಟೆಯಿಂದ ಒಂದು ಗಂಟೆಯ ದಾರಿ. ಟ್ರ್ಯಾಕು ಇರುವುದು ಊರೊಳಗೇ, ಕೌಂಟಿಯ ಜಾತ್ರೆ ಮೈದಾನದಲ್ಲಿ. 1950ರ ದಶಕದಿಂದ ಇಲ್ಲಿ ವಾರವಾರವೂ ರೇಸು ನಡೆಯುತ್ತಾ ಬಂದಿದೆ.

ನೇರವಾಗಿ ಹೇಳಿಬಿಡುವುದಾದರೆ, ಮೊದಲ ಸಲ ಹೋಗುವವರು ಆಗಸ್ಟ್ ತಿಂಗಳ ನಾಕ್ಸ್‌ವಿಲ್ ನ್ಯಾಷನಲ್ಸ್‌ಗೆ ಹೋಗಬೇಡಿ. ಅದು ಈ ಆಟದ ಅತಿ ದೊಡ್ಡ ಹಬ್ಬ ನಿಜ, ಆದರೆ ಕಲಿಯುವುದಕ್ಕೆ ಅಲ್ಲ. ಏಪ್ರಿಲ್ ಕೊನೆಯಿಂದ ಬೇಸಿಗೆ ಮುಗಿಯುವವರೆಗೆ ನಡೆಯುವ ಸಾಮಾನ್ಯ ಶನಿವಾರದ ರಾತ್ರಿಗಳಲ್ಲಿ ಒಂದನ್ನು ಆರಿಸಿಕೊಳ್ಳಿ. ಟಿಕೆಟ್ ಅಗ್ಗ, ಬೇಕಾದ ಕಡೆ ಕೂರಬಹುದು, ಗದ್ದಲ ಕಡಿಮೆ. ಎಲ್ಲಕ್ಕಿಂತ ಮುಖ್ಯವಾಗಿ, ಒಂದೇ ಸಂಜೆಯೊಳಗೆ ಮಣ್ಣು ಬದಲಾಗುವುದನ್ನು ಪೂರ್ತಿ ನೋಡಬಹುದು. ಈ ಆಟದ ಜೀವ ಇರುವುದೇ ಅಲ್ಲಿ. ಕಾರು, ಎಂಜಿನ್, ಚಾಲಕ ಎಲ್ಲ ಆಮೇಲೆ.

ನಾಕ್ಸ್‌ವಿಲ್‌ನ ಮಣ್ಣು ಕಪ್ಪು, ಜಿಗುಟು. ಗದಗ, ಧಾರವಾಡದ ಕಡೆಯ ಎರೆಹೊಲದಲ್ಲಿ ಮಳೆಗಾಲ ಕಳೆದವರಿಗೆ ಇದರ ಗುಣ ಕೂಡಲೇ ಗೊತ್ತಾಗುತ್ತದೆ: ಹಸಿಯಿದ್ದಾಗ ಕಾಲಿಗೆ ಮೆತ್ತಿಕೊಂಡು ಬಿಡುವುದೇ ಇಲ್ಲ, ಪಸೆ ಆರಿದರೆ ಕಲ್ಲು. ಅರ್ಧ ಮೈಲಿಯ ಈ ಓವಲ್‌ಗೆ ರೇಸಿನ ಹೊತ್ತಿಗೆ ನೀರು ಕುಡಿಸಿ, ಕೆದಕಿ, ಗ್ರೇಡರ್‌ನಲ್ಲಿ (ಮಣ್ಣು ಸಮ ಮಾಡುವ ಯಂತ್ರ) ಎಳೆದು, ರೋಲರ್ ಓಡಿಸಿ ಗಟ್ಟಿ ಮಾಡಿರುತ್ತಾರೆ. ನೀರು ಮೇಲೆ ನಿಂತರೆ ಕೆಲಸವಿಲ್ಲ, ಕೆಲವು ಇಂಚು ಒಳಗೆ ಇಳಿದಿರಬೇಕು. ಮೇಲ್ಪದರ ಮಾತ್ರ ಒದ್ದೆಯಾಗಿ ಅಡಿಯ ಮಣ್ಣು ಒಣಗಿದ್ದರೆ ಮೊದಲ ಅರ್ಧ ಗಂಟೆಯಲ್ಲೇ ಮೇಲಿನದು ಸಿಪ್ಪೆಯಂತೆ ಎದ್ದುಹೋಗಿ, ಆಮೇಲೆ ರಾತ್ರಿಯಿಡೀ ಧೂಳು.

ಅದಕ್ಕೇ ಬೇಗ ಹೋಗಿ. ರೇಸು ಶುರುವಾಗುವ ಹೊತ್ತಿಗೆ ಹೋದರೆ ಸಾಕು ಅನ್ನುವವರು ಅರ್ಧ ಆಟ ಕಳೆದುಕೊಳ್ಳುತ್ತಾರೆ. ಮೊದಲು ಕಾರುಗಳು ನಿಧಾನವಾಗಿ ಸುತ್ತು ಹಾಕಿ ಮಣ್ಣನ್ನು ತುಳಿದು ಕೂರಿಸುತ್ತವೆ. ನಂತರ ಹಾಟ್ ಲ್ಯಾಪ್, ಅಂದರೆ ಅಭ್ಯಾಸದ ಸುತ್ತು. ಆಗ ಟ್ರ್ಯಾಕು ಕಡುಕಪ್ಪಾಗಿ, ಹಸಿಯಾಗಿ, ಹಿಡಿತ ತುಂಬಿಕೊಂಡು ಇರುತ್ತದೆ. ಟಯರುಗಳು ಮುಷ್ಟಿ ಗಾತ್ರದ ಹೆಂಟೆಗಳನ್ನು ಎತ್ತಿ ಎಸೆಯುತ್ತವೆ. ಮುಂದೆ ಟೈಮ್ ಟ್ರಯಲ್, ಅಂದರೆ ಗಡಿಯಾರದ ಎದುರು ಓಡಿ ಸಮಯ ದಾಖಲಿಸುವ ಸುತ್ತು. ಅದರಲ್ಲಿ 410 ವರ್ಗದ (ಇಲ್ಲಿನ ದೊಡ್ಡ ಎಂಜಿನ್ ವರ್ಗ) ಒಳ್ಳೆಯ ಕಾರು 15 ಸೆಕೆಂಡಿನ ಒಳಗೆ ಒಂದು ಸುತ್ತು ಮುಗಿಸುತ್ತದೆ. ಅಂದರೆ ಸರಾಸರಿಯೇ ಗಂಟೆಗೆ 193 ಕಿಲೋಮೀಟರಿಗೂ ಹೆಚ್ಚು, ಅದೂ ಮಣ್ಣಿನ ಮೇಲೆ, ತಿರುವುಗಳೂ ಸೇರಿ. ಸಾಲಿನಲ್ಲಿ ಮೊದಲು ಸಮಯ ಹಾಕಲು ಬಂದವರಿಗೆ ಸಾಮಾನ್ಯವಾಗಿ ಲಾಭ, ಕೊನೆಗೆ ಬಂದವರಿಗೆ ಮಣ್ಣು ಆರಿರುತ್ತದೆ. ಯಾರಾದರೂ ತೀರಾ ತಡವಾಗಿ ಬಂದೂ ಮೊದಲ ಐದರೊಳಗೆ ಸಮಯ ಹಾಕಿದರೆ ಆ ಹೆಸರು ಗುರುತು ಹಾಕಿಕೊಳ್ಳಿ, ರಾತ್ರಿಯ ಕೊನೆಯ ಓಟದಲ್ಲಿ ಅವರನ್ನು ನೋಡಬೇಕಾಗುತ್ತದೆ.

ಹೀಟ್ ಓಟಗಳ, ಅಂದರೆ ಮುಖ್ಯ ಓಟಕ್ಕೆ ಮುಂಚಿನ ಸಣ್ಣ ಓಟಗಳ, ಹೊತ್ತಿಗೆ ಬಣ್ಣ ಬದಲಾಗಲು ಶುರು. ಕಾರುಗಳು ಹೆಚ್ಚು ಓಡಿದ ಕಡೆ ಕಂದು ಪಟ್ಟೆ, ಅದರ ನಡುವೆ ಪಾಲಿಷ್ ಹಾಕಿದ ಹಾಗೆ ಹೊಳೆಯುವ ಭಾಗ. ಹೊಳಪು ಕಂಡರೆ ಅಲ್ಲಿ ಹಿಡಿತ ಹೋಗಿದೆ ಎಂದು ಅರ್ಥ. ಕಿತ್ತುಬಂದ ಸಡಿಲ ಮಣ್ಣೆಲ್ಲ ಹೊರಗೆ ದೂಡಲ್ಪಟ್ಟು ಮೇಲ್ಭಾಗದಲ್ಲಿ, ಗೋಡೆಯ ಕಡೆಗೆ, ಒಂದು ಬದುವಾಗಿ ನಿಲ್ಲುತ್ತದೆ. ಅದೇ ಕುಶನ್. ಧೈರ್ಯವಿರುವ ಚಾಲಕ ಬಲ ಹಿಂದಿನ ಚಕ್ರವನ್ನು ಆ ಬದುವಿಗೆ ಒರಗಿಸಿ ಆಕ್ಸಿಲರೇಟರ್ ಬಿಡದೆ ತಿರುವು ಸುತ್ತುತ್ತಾನೆ. ದೂರ ಜಾಸ್ತಿಯಾದರೂ ವೇಗ ಉಳಿಯುತ್ತದೆ. ಚಕ್ರ ಬದುವನ್ನು ದಾಟಿ ಆಚೆ ಇಳಿದರೆ ಮಾತ್ರ ಕಷ್ಟ. ಅಲ್ಲಿ ಹಿಡಿತವೇ ಇಲ್ಲ, ನೇರ ಗೋಡೆ. ಇನ್ನೊಂದು ದಾರಿ ಒಳಗಿನ ಅಂಚು. ತಿರುವಿನ ಬುಡದಲ್ಲಿ ಪಸೆ ಹೆಚ್ಚು ಹೊತ್ತು ನಿಲ್ಲುತ್ತದೆ, ಅಲ್ಲಿ ನಿಧಾನವಾಗಿ ಆದರೆ ಹತ್ತಿರದ ದಾರಿಯಲ್ಲಿ ಸುತ್ತಬಹುದು. ಈ ಎರಡೂ ದಾರಿ ಸರಿಸಮ ಇದ್ದರೆ ಆ ರಾತ್ರಿ ಅಮೋಘ.

ಹಾಗೆ ಇದ್ದಾಗಲೇ ಸ್ಲೈಡ್ ಜಾಬ್ ಕಾಣುವುದು. ಹಿಂದಿರುವವನು ತಿರುವಿಗೆ ಮುಂಚೆಯೇ ಒಳಗೆ ನುಗ್ಗಿ, ಕಾರನ್ನು ಅಡ್ಡಡ್ಡ ಜಾರಿಸುತ್ತಾ ಮೇಲಕ್ಕೆ ಹೋಗಿ ಎದುರಾಳಿಯ ಮೂತಿಯ ಮುಂದೆ ನಿಲ್ಲುತ್ತಾನೆ. ಅನುಭವಿ ಎದುರಾಳಿ ಬ್ರೇಕ್ ಹಾಕುವುದಿಲ್ಲ. ಒಂದು ಕ್ಷಣ ತಡೆದು, ಅವನ ಬಾಲದ ಹಿಂದಿನಿಂದ ಒಳಗೆ ಕತ್ತರಿಸಿ, ತಿರುವು ಮುಗಿಯುವಷ್ಟರಲ್ಲಿ ಮತ್ತೆ ಮುಂದೆ. ಒಂದೇ ಸುತ್ತಿನಲ್ಲಿ ನಾಲ್ಕು ಸಲ ಮುಂದಾಳು ಬದಲಾಗಬಹುದು. ಇದನ್ನು ಸರಿಯಾಗಿ ನೋಡಬೇಕಾದರೆ ಮುಂದಿರುವ ಕಾರನ್ನು ನೋಡಬೇಡಿ, ಎರಡನೆಯದರ ಮುಂದಿನ ಚಕ್ರ ನೋಡಿ. ಅದು ನೇರದಾರಿ ಮುಗಿಯುವ ಮುಂಚೆಯೇ ಎಡಕ್ಕೆ ತಿರುಗಿದರೆ ಏಟು ಬರುತ್ತಿದೆ ಎಂದು ತಿಳಿಯಿರಿ.

ಹದ ಕೆಡುವುದು ಎರಡು ರೀತಿ. ನೀರು ಹೆಚ್ಚಾದರೆ ತಿರುವಿನ ಬಾಯಲ್ಲಿ ಗುಂಡಿ, ಗಾಲಿ ಜಾಡು ಬೀಳುತ್ತವೆ. ಬಲಗಡೆಯ ಚಕ್ರ ಜಾಡಿಗೆ ಸಿಕ್ಕಿಕೊಂಡರೆ ಎಡಗಡೆ ಎದ್ದು ಕಾರು ಪಲ್ಟಿ. ನೀರು ಕಡಿಮೆಯಾದರೆ ಮೊದಲು ಧೂಳು, ಆಮೇಲೆ ಟಯರಿನ ರಬ್ಬರು ಒಣ ಮಣ್ಣಿಗೆ ಅಂಟಿ ಒಂದೇ ಒಂದು ಕಪ್ಪು ಪಟ್ಟೆ ನಿಲ್ಲುತ್ತದೆ. ಆ ಪಟ್ಟೆಯಲ್ಲಿ ಮಾತ್ರ ಹಿಡಿತ, ಬಿಟ್ಟವನು ಮೂರು ಸ್ಥಾನ ಹಿಂದೆ. ಕಾರುಗಳು ಒಂದರ ಹಿಂದೆ ಒಂದು ಸಾಲಾಗಿ ಸುತ್ತುತ್ತವೆ, ಬಲ ಹಿಂದಿನ ಟಯರು ಕಾದು ಗುಳ್ಳೆ ಎದ್ದು ಕೆಲವು ಸಿಡಿಯುತ್ತವೆ. ಬಿಸಿಲು, ಒಣಗಾಳಿ ಎರಡೂ ಇದ್ದ ದಿನ ಇದರ ಅಪಾಯ ಹೆಚ್ಚು. ಮೋಡ ಕವಿದು ಬೆವರು ಹರಿಯುವ ಸಂಜೆ ಟ್ರ್ಯಾಕಿಗೆ ಒಳ್ಳೆಯದು, ನಮಗೆ ಕಷ್ಟ. ನಾಕ್ಸ್‌ವಿಲ್‌ನ ಹೆಚ್ಚುಗಾರಿಕೆ ಏನೆಂದರೆ ಈ ಕಪ್ಪುಮಣ್ಣು ಪಸೆಯನ್ನು ಬೇಗ ಬಿಟ್ಟುಕೊಡುವುದಿಲ್ಲ, ಟ್ರ್ಯಾಕೂ ಅಗಲ. ಹಾಗಾಗಿ ಕೊನೆಯ ಓಟದಲ್ಲೂ ಎರಡು ದಾರಿ ಉಳಿಯುವ ಸಾಧ್ಯತೆ ಬೇರೆ ಅನೇಕ ಕಡೆಗಿಂತ ಹೆಚ್ಚು.

ಮುಖ್ಯ ಓಟಕ್ಕೆ ಮುಂಚೆ ಟ್ರ್ಯಾಕನ್ನು ಮತ್ತೆ ಸರಿಪಡಿಸುವ ಬಿಡುವೊಂದು ಸಿಗುತ್ತದೆ. ಎಲ್ಲರೂ ತಿಂಡಿಗೆ ಎದ್ದು ಹೋಗುತ್ತಾರೆ. ನೀವು ಏಳಬೇಡಿ. ನೀರಿನ ಟ್ರಕ್ಕು ಎಲ್ಲಿ ನೀರು ಬಿಟ್ಟಿತು, ಗ್ರೇಡರ್ ಯಾವ ಭಾಗದ ಬದುವನ್ನು ಕೆರೆಯಿತು, ಯಾವುದನ್ನು ಮುಟ್ಟದೆ ಬಿಟ್ಟಿತು ಎಂದು ನೋಡಿಕೊಂಡರೆ ಮೊದಲ ಐದು ಸುತ್ತು ಯಾವ ದಾರಿ ಓಡುತ್ತದೆಂದು ನೀವೇ ಹೇಳಬಹುದು. ಚಾಲಕರೂ ಪಿಟ್‌ನ (ತಂಡಗಳು ಕಾರು ಸಿದ್ಧಪಡಿಸುವ ಜಾಗ) ಅಂಚಿಗೆ ಬಂದು ಅದನ್ನೇ ನೋಡುತ್ತಿರುತ್ತಾರೆ.

ಇನ್ನು ಕಾರು. ಇಲ್ಲಿ ಓಡುವುದು ಸ್ಪ್ರಿಂಟ್ ಕಾರು. ತಲೆಯ ಮೇಲೆ 25 ಚದರಡಿಯ ರೆಕ್ಕೆ, ಮೂತಿಯ ಮೇಲೊಂದು ಸಣ್ಣದು. ದೊಡ್ಡ ವರ್ಗದಲ್ಲಿ 410 ಘನ ಇಂಚಿನ, ಅಂದರೆ 6.7 ಲೀಟರಿನ ವಿ8 ಎಂಜಿನ್, ಸುಮಾರು 900 ಅಶ್ವಶಕ್ತಿ. ಚಾಲಕನನ್ನೂ ಸೇರಿಸಿ ತೂಕ ಸುಮಾರು 650 ಕಿಲೋ. ಇಂಧನ ಮೆಥನಾಲ್. ಅದರ ಬೆಂಕಿ ಹಗಲಲ್ಲಿ ಕಣ್ಣಿಗೆ ಕಾಣಿಸುವುದೇ ಇಲ್ಲ, ಆದರೆ ನೀರಿಗೆ ಆರುತ್ತದೆ. ಗೇರ್‌ಬಾಕ್ಸ್ ಇಲ್ಲ, ಕ್ಲಚ್ ಇಲ್ಲ, ಸ್ಟಾರ್ಟರ್ ಇಲ್ಲ. ಹಾಗಾಗಿ ಪ್ರತಿ ಕಾರನ್ನೂ ಹಿಂದಿನಿಂದ ಒಂದು ಟ್ರಕ್ಕು ತಳ್ಳಬೇಕು. ತಳ್ಳುತ್ತಿರುವಾಗ ಆಯಿಲ್ ಒತ್ತಡ ಏರುವುದನ್ನು ಕಾದು ಚಾಲಕ ಇಗ್ನಿಷನ್ ಹಾಕುತ್ತಾನೆ, ಎಂಜಿನ್ ಗುಡುಗುತ್ತದೆ. ಓಟದ ನಡುವೆ ತಿರುಗಿ ನಿಂತ ಕಾರಿಗೆ ಏನೂ ಪೆಟ್ಟಾಗದಿದ್ದರೂ ಓಟ ನಿಧಾನಗೊಳಿಸುವ ಹಳದಿ ಬಾವುಟ ಬೀಸುವುದು ಇದಕ್ಕೇ: ತಳ್ಳದೆ ಅದು ಹೊರಡಲಾರದು.

ಕಾರು ಸುಮ್ಮನೆ ನಿಂತಾಗಲೂ ಸೊಟ್ಟಗೆ ಕಾಣುತ್ತದೆ. ಬಲ ಹಿಂದಿನ ಟಯರಿನ ಸುತ್ತಳತೆ ಎಡದ್ದಕ್ಕಿಂತ ಎಷ್ಟೋ ಇಂಚು ಹೆಚ್ಚು, ಎರಡಕ್ಕೂ ಒಂದೇ ಗಟ್ಟಿ ಆ್ಯಕ್ಸಲ್, ಎರಡು ಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಷಿಯಲ್ ಇಲ್ಲ. ಆದ್ದರಿಂದ ಸ್ಟಿಯರಿಂಗ್ ಮುಟ್ಟದಿದ್ದರೂ ಕಾರು ಎಡಕ್ಕೇ ಎಳೆಯುತ್ತದೆ. ಓಟ ನಡೆಯುವುದೂ ಎಡಕ್ಕೇ. ಮೇಲಿನ ರೆಕ್ಕೆಯನ್ನು ಚಾಲಕ ಕೂತಲ್ಲಿಂದಲೇ ಹೈಡ್ರಾಲಿಕ್ ಒತ್ತಡದಿಂದ ಹಿಂದೆ ಮುಂದೆ ಸರಿಸಬಲ್ಲ. ಮಣ್ಣು ಜಾರತೊಡಗಿದ ಹಾಗೆ, ಟ್ಯಾಂಕು ಹಗುರಾದ ಹಾಗೆ ರೆಕ್ಕೆ ಹಿಂದಕ್ಕೆ ಹೋಗುತ್ತದೆ, ಹಿಂದಿನ ಚಕ್ರಗಳ ಮೇಲೆ ಭಾರ ಕೂರುತ್ತದೆ. ದುರ್ಬೀನು ಇದ್ದರೆ ಇದನ್ನು ನೋಡಿ. ಓಟದ ಅರ್ಧಕ್ಕೇ ರೆಕ್ಕೆಯನ್ನು ಪೂರ್ತಿ ಹಿಂದಕ್ಕೆ ತಳ್ಳಿಬಿಟ್ಟವನ ಕೈಯಲ್ಲಿ ಆಮೇಲೆ ಬೇರೆ ಉಪಾಯ ಉಳಿದಿರುವುದಿಲ್ಲ.

ತಂಡಕ್ಕೂ ಚಾಲಕನಿಗೂ ಮಾತಿನ ರೇಡಿಯೋ ಇಲ್ಲ; ಚಾಲಕನ ಕಿವಿಗೆ ಬೀಳುವುದು ಅಧಿಕಾರಿಗಳ ಸೂಚನೆ ಮಾತ್ರ. ತಂಡದವರು ಒಳಮೈದಾನದಲ್ಲಿ ನಿಂತು ಕೈಯಲ್ಲಿ ಎರಡು ಕೋಲು ಹಿಡಿದು, ಹಿಂದಿನವನು ಎಷ್ಟು ದೂರ, ಮೇಲೆ ಬರುತ್ತಿದ್ದಾನೋ ಕೆಳಗೆ ಬರುತ್ತಿದ್ದಾನೋ ತೋರಿಸುತ್ತಾರೆ. ಕೋಲುಗಳ ನಡುವಿನ ಅಂತರವೇ ಕಾರುಗಳ ನಡುವಿನ ಅಂತರ. ಹಿಂದಿನ ಸಾಲಿನಲ್ಲಿ ಕೂತವರಿಗೂ ಇದು ಕಾಣುತ್ತದೆ.

ಸೀಟಿನ ವಿಷಯ. ಕೆಳಗಿನ ಸಾಲು ಹತ್ತಿರ ಅಂತ ಮೋಸ ಹೋಗಬೇಡಿ. ಅಲ್ಲಿ ಮಣ್ಣು ಮೈಮೇಲೆ ಬೀಳುತ್ತದೆ, ಎದುರಿನ ನೇರದಾರಿ ಕಾಣುವುದಿಲ್ಲ, ಕಾರುಗಳು ಕಣ್ಣ ಮುಂದೆ ಗೆರೆ ಎಳೆದಂತೆ ಹೋಗುತ್ತವೆ ಅಷ್ಟೇ. ಮುಖ್ಯ ಸ್ಟ್ಯಾಂಡಿನ ಮೇಲರ್ಧದಲ್ಲಿ, ನಾಲ್ಕನೇ ತಿರುವಿನಿಂದ ಕಾರು ಹೊರಬರುವ ಕಡೆ ಅಥವಾ ಒಂದನೇ ತಿರುವಿಗೆ ನುಗ್ಗುವ ಕಡೆ ಕೂರಿ. ನಮ್ಮ ಆಯ್ಕೆ ಒಂದನೇ ತಿರುವು; ಸ್ಲೈಡ್ ಜಾಬ್‌ನ ಹೆಚ್ಚಿನ ಪಾಲು ಅಲ್ಲಿ ಶುರುವಾಗುತ್ತದೆ. ನಡುಮಧ್ಯದ, ಗೆಲುವಿನ ಗೆರೆಯ ಎದುರಿನ ಸೀಟಿಗೆ ಹೆಚ್ಚು ಕೊಡುವುದರಲ್ಲಿ ಅರ್ಥವಿಲ್ಲ. ಹೆಚ್ಚಿನ ಕಡೆ ಇರುವುದು ಅಲ್ಯೂಮಿನಿಯಂ ಬೆಂಚು. ಮೂರು ನಾಲ್ಕು ಗಂಟೆ ಕೂರಬೇಕು, ಅಜ್ಜ ಅಜ್ಜಿ ಜೊತೆಗಿದ್ದರೆ ಬೆನ್ನಿಗೆ ಆಸರೆ ಇರುವ ಮಡಚುವ ಸೀಟು ತಪ್ಪದೆ ಒಯ್ಯಿರಿ.

ಕಿವಿ ಮುಚ್ಚಿಕೊಳ್ಳುವುದನ್ನು ಯಾರೂ ನಿರ್ಲಕ್ಷ್ಯ ಮಾಡಬಾರದು. ಇಪ್ಪತ್ತು ನಾಲ್ಕು ಕಾರು ಒಟ್ಟಿಗೆ ಹೊರಟಾಗ ಶಬ್ದ ನೂರು ಡೆಸಿಬೆಲ್ ದಾಟುತ್ತದೆ. ದೊಡ್ಡವರಿಗೆ ಫೋಮ್ ಇಯರ್‌ಪ್ಲಗ್ ಸಾಕು, ಆದರೆ ಅದನ್ನು ಬೆರಳಲ್ಲಿ ಹೊಸೆದು ತೆಳ್ಳಗೆ ಮಾಡಿ, ಕಿವಿಯನ್ನು ಮೇಲಕ್ಕೆ ಎಳೆದು ಒಳಗೆ ತೂರಿಸಿ ಅರಳುವವರೆಗೆ ಒತ್ತಿ ಹಿಡಿಯಬೇಕು. ಕಿವಿಯ ಬಾಯಲ್ಲೇ ಸಿಕ್ಕಿಸಿಕೊಂಡರೆ ಪ್ರಯೋಜನವಿಲ್ಲ. ಮಕ್ಕಳಿಗೆ ತಲೆಯ ಮೇಲಿಂದ ಬರುವ ಇಯರ್‌ಮಫ್, ಮನೆಯಲ್ಲೇ ಅರ್ಧ ಗಂಟೆ ಹಾಕಿಸಿ ರೂಢಿ ಮಾಡಿಸಿದ್ದು. ಕಣ್ಣಿಗೆ ಬದಿಯೂ ಮುಚ್ಚುವ ಬಿಳಿ ಗಾಜಿನ ಕನ್ನಡಕ ಬೇಕು, ತಂಪು ಕನ್ನಡಕ ಕತ್ತಲಾದ ಮೇಲೆ ಕೆಲಸಕ್ಕೆ ಬಾರದು. ಕಾಂಟ್ಯಾಕ್ಟ್ ಲೆನ್ಸ್ ಬೇಡವೇ ಬೇಡ. ಜುಲೈನಲ್ಲೂ ರಾತ್ರಿ ಹತ್ತರ ಮೇಲೆ ಗಾಳಿ ತಣ್ಣಗಾಗುತ್ತದೆ, ಏಪ್ರಿಲ್ ಮೇ ತಿಂಗಳಲ್ಲಂತೂ ಸ್ವೆಟರ್ ಸಾಲದೆ ಕಂಬಳಿ ಬೇಕಾಗುತ್ತದೆ. ಬಿಳಿ ಬಟ್ಟೆ ಹಾಕಬೇಡಿ, ಈ ಕಪ್ಪು ಮಣ್ಣಿನ ಕಲೆ ಒಂದು ಒಗೆತಕ್ಕೆ ಹೋಗುವುದಲ್ಲ. ಮಣ್ಣು ಒಣಗಿದ ಮೇಲೆ ಕೊಡವಿ, ಆಮೇಲೆ ನೀರಿಗೆ ಹಾಕಿ.

ಊಟದಲ್ಲಿ ಸಸ್ಯಾಹಾರಿಗಳಿಗೆ ಹೇಳಿಕೊಳ್ಳುವಂಥದ್ದೇನಿಲ್ಲ. ಅಯೋವಾ ಹಂದಿಮಾಂಸದ ನಾಡು, ಬನ್ನಿಗಿಂತ ಎರಡು ಪಟ್ಟು ಅಗಲದ ಕರಿದ ಟೆಂಡರ್‌ಲಾಯಿನ್ ಸ್ಯಾಂಡ್‌ವಿಚ್ ಈ ಕಡೆಯ ಹೆಮ್ಮೆ; ತಿನ್ನುವವರು ಬಿಡಬೇಡಿ. ಉಳಿದವರಿಗೆ ಪಾಪ್‌ಕಾರ್ನ್, ಫ್ರೆಂಚ್ ಫ್ರೈಸ್, ಚೀಸ್ ಹಾಕಿದ ನಾಚೋಸ್ ಇಂಥವೇ ಗತಿ. ಚಿತ್ರಾನ್ನವೋ ಚಪಾತಿ ಪಲ್ಯವೋ ಕಟ್ಟಿಕೊಂಡು ಹೋಗಿ ಪಾರ್ಕಿಂಗ್‌ನಲ್ಲೇ ಊಟ ಮುಗಿಸಿ ಒಳಗೆ ಹೋಗುವುದು ಉತ್ತಮ. ಬುತ್ತಿ, ಕೂಲರ್ ಒಳಗೆ ಬಿಡುವ ನಿಯಮ ಕಾರ್ಯಕ್ರಮಕ್ಕೆ ತಕ್ಕಂತೆ ಬದಲಾಗಬಹುದು, ಹೊರಡುವ ಮುನ್ನ ಟ್ರ್ಯಾಕಿನ ಪ್ರಕಟಣೆ ನೋಡಿಕೊಳ್ಳಿ.

ಎರಡನೇ ತಿರುವಿನ ಹೊರಗೇ ರಾಷ್ಟ್ರೀಯ ಸ್ಪ್ರಿಂಟ್ ಕಾರ್ ಹಾಲ್ ಆಫ್ ಫೇಮ್ ಮತ್ತು ವಸ್ತುಸಂಗ್ರಹಾಲಯವಿದೆ, ಬಾಗಿಲು ತೆರೆದದ್ದು 1992ರಲ್ಲಿ. ಇದಕ್ಕೆ ಎರಡು ಗಂಟೆ ತೆಗೆದಿಡಿ, ಓಟದ ದಿನ ಮಧ್ಯಾಹ್ನವೇ ಮುಗಿಸಿ. ರೆಕ್ಕೆಯಿಲ್ಲದ ಹಳೆಯ ಕಾರುಗಳಿಂದ ಈಗಿನವರೆಗೆ ಸಾಲಾಗಿ ನೋಡಿದರೆ ಚಾಲಕನ ತಲೆಯ ಮೇಲಿನ ಪಂಜರ ಹೇಗೆ ಬೆಳೆಯಿತು ಎಂಬುದು ಗಮನಕ್ಕೆ ಬರುತ್ತದೆ. ಅದೊಂದೇ ಸಾಕು, ಟಿಕೆಟ್ ಸಾರ್ಥಕ.

ಒಂದೆರಡು ಶನಿವಾರ ನೋಡಿದ ಮೇಲೆ ನ್ಯಾಷನಲ್ಸ್‌ಗೆ ಹೋಗಿ. 1961ರಲ್ಲಿ ಶುರುವಾದದ್ದು; ಆಗಸ್ಟ್‌ನಲ್ಲಿ ಬುಧವಾರದಿಂದ ಶನಿವಾರದವರೆಗೆ ನಾಲ್ಕು ರಾತ್ರಿ. ಬುಧ, ಗುರುವಾರ ಎರಡು ಗುಂಪಾಗಿ ಅಂಕ ಗಳಿಸುತ್ತಾರೆ. ಸಮಯದಲ್ಲಿ ಮುಂದಿದ್ದವರನ್ನು ಹೀಟ್‌ನಲ್ಲಿ ಹಿಂದಿನ ಸಾಲಿಗೆ ಹಾಕುವುದರಿಂದ ವೇಗದ ಜೊತೆಗೆ ದಾಟುವ ಕಲೆಯೂ ಇರಲೇಬೇಕು. ಶನಿವಾರ ಕೆಳಗಿನ ಮೇನ್‌ಗಳಿಂದ (ಕೆಳ ಹಂತದ ಓಟಗಳು) ಹತ್ತುತ್ತಾ ಬಂದು ಕೊನೆಗೆ 50 ಸುತ್ತಿನ ಎ ಮೇನ್, ಅಂದರೆ ಅಂತಿಮ ಓಟ. ಚಾಲಕ ಸ್ಟೀವ್ ಕಿನ್ಸರ್ ಇದನ್ನು 12 ಸಲ ಗೆದ್ದಿದ್ದಾರೆ, ಡೋನಿ ಶಾಟ್ಜ್ 11 ಸಲ. ನಾಸ್ಕಾರ್‌ನ (ಅಮೆರಿಕದ ದೊಡ್ಡ ಕಾರು ರೇಸ್ ಸರಣಿ) ಕೈಲ್ ಲಾರ್ಸನ್ 2021, 2023, 2024ರಲ್ಲಿ ಗೆದ್ದರು. ಇಡೀ ನಾಲ್ಕು ದಿನಕ್ಕೆ ಹಣ ಸಾಲದಿದ್ದರೆ ಶನಿವಾರ ಬಿಟ್ಟು ಗುರುವಾರದ ಟಿಕೆಟ್ ತೆಗೆದುಕೊಳ್ಳಿ ಎನ್ನುವುದು ನಮ್ಮ ಸಲಹೆ. ಪ್ರತಿ ಸ್ಥಾನಕ್ಕೂ ಅಂಕ ಇರುವ ಕಾರಣ ಹದಿನೈದನೇ ಜಾಗಕ್ಕೂ ಜೀವ ಬಿಟ್ಟು ಓಡಿಸುತ್ತಾರೆ. ಆ ವಾರ ಊರಲ್ಲಿ ಕೋಣೆ ಸಿಗುವುದು ಕಷ್ಟ. ಹತ್ತಿರದ ಪೆಲ್ಲಾ ಊರು, ಇಲ್ಲವೇ ಡೆ ಮೋಯ್ನ್ ನೋಡಿ. ಡೇರೆ ಹಾಕುವ ಅಭ್ಯಾಸವಿದ್ದರೆ ರೆಡ್ ರಾಕ್ ಸರೋವರದ ದಂಡೆ ಚೆನ್ನಾಗಿದೆ. ಪೆಲ್ಲಾ ಡಚ್ಚರು ಕಟ್ಟಿದ ಊರು, ಬೇಕರಿಗಳಲ್ಲಿ ಬೆಳಗಿನ ತಿಂಡಿಗೆ ಕೊರತೆಯಿಲ್ಲ.

ಮಳೆಯ ಬಗ್ಗೆ: ಇಲ್ಲಿ ಬೇಸಿಗೆಯ ಸಂಜೆ ಗುಡುಗು ಮಳೆ ಸಾಮಾನ್ಯ. ಹತ್ತು ನಿಮಿಷದ ಮಳೆಯಾದರೆ ಮೈದಾನ ಬಿಟ್ಟು ಹೋಗಬೇಡಿ, ಟ್ರಕ್ಕುಗಳು ಮತ್ತು ಕಾರುಗಳು ಸುತ್ತಿ ಸುತ್ತಿ ಮೇಲಿನ ಕೆಸರನ್ನು ಹಿಂಡಿ ತೆಗೆಯುತ್ತವೆ, ಆಮೇಲೆ ಸಿಗುವ ಹಿಡಿತ ಆ ರಾತ್ರಿಯ ಅತ್ಯಂತ ವೇಗದ ಓಟ ಕೊಡಬಹುದು. ಮುಂದಕ್ಕೆ ಹಾಕಿದರೆ ಟಿಕೆಟ್‌ನ ತುಂಡು ಬಿಸಾಡಬೇಡಿ. ರೇಸು ಮುಗಿದ ಕೂಡಲೇ ಕಾರಿಗೆ ಓಡುವುದೂ ತಪ್ಪು, ಹೇಗಿದ್ದರೂ ಲಿಂಕನ್ ಬೀದಿಯಲ್ಲಿ ಅರ್ಧ ಗಂಟೆ ಸಾಲು ನಿಂತಿರುತ್ತದೆ. ಪಿಟ್‌ಗೆ ಬಿಡುತ್ತಾರೆ, ಅಲ್ಲಿಗೆ ಹೋಗಿ. ಚಾಲಕರು ಮಣ್ಣು ಮೆತ್ತಿದ ಮುಖದಲ್ಲೇ ಮಕ್ಕಳಿಗೆ ಸಹಿ ಹಾಕಿಕೊಡುತ್ತಾರೆ. ಪಕ್ಕದಲ್ಲೇ ತಂಡದವರು ಮಣ್ಣು ಕೆರೆದು ಹಾಕುವ ಬಲ ಹಿಂದಿನ ಟಯರನ್ನು ಮುಟ್ಟಿ ನೋಡಿ. ಒಳ ಅಂಚು ಸವೆದಿದೆಯೋ ಹೊರ ಅಂಚೋ, ಗುಳ್ಳೆ ಎದ್ದಿದೆಯೋ ಇಲ್ಲವೋ ಎಂಬುದರಲ್ಲಿ ಆ ಚಾಲಕ ಯಾವ ದಾರಿಯಲ್ಲಿ ಹೇಗೆ ಓಡಿಸಿದ ಎಂಬುದೆಲ್ಲ ಇರುತ್ತದೆ. ಟಯರು ಬಿಸಿ ಇರುತ್ತದೆ, ಕೇಳಿ ಮುಟ್ಟಿ.

ಇಷ್ಟು ಹಿಡಿಸಿದವರಿಗೆ ಮುಂದಿನ ಊರು ಒಹಾಯೋದ ರಾಸ್‌ಬರ್ಗ್, ಅಲ್ಲಿನ ಎಲ್ಡೋರಾ ಸ್ಪೀಡ್‌ವೇ. 1954ರಲ್ಲಿ ಅರ್ಲ್ ಬಾಲ್ಟಸ್ ಕಟ್ಟಿದ್ದು, 2004ರಿಂದ ರೇಸ್ ಚಾಲಕ ಟೋನಿ ಸ್ಟೂವರ್ಟ್ ಅವರದು. ಅದೂ ಅರ್ಧ ಮೈಲಿಯೇ, ಆದರೆ ತಿರುವಿನ ಇಳಿಜಾರು 24 ಡಿಗ್ರಿ, ಕುಶನ್ ಗೋಡೆಗೇ ಅಂಟಿಕೊಂಡಿರುತ್ತದೆ. ಸ್ಪ್ರಿಂಟ್ ಕಾರಿಗೆ ಜುಲೈನ ಕಿಂಗ್ಸ್ ರಾಯಲ್, ಮೈಮುಚ್ಚಿದ ಲೇಟ್ ಮಾಡೆಲ್ ಕಾರಿಗೆ ಸೆಪ್ಟೆಂಬರ್‌ನ ವರ್ಲ್ಡ್ 100. ಕೊಲಂಬಸ್, ಡೇಟನ್, ಸಿನ್ಸಿನಾಟಿಯ ಕನ್ನಡಿಗರಿಗೆ ನಾಕ್ಸ್‌ವಿಲ್‌ಗಿಂತ ಅದೇ ಹತ್ತಿರ.